ಗಂಟುಗಳ ಪಾಳಿ

ನಾನು ಕಲಿತದ್ದು ಕಡಿಮೆ. ಸಾಲೆಯಲ್ಲಿ ಮಾಸ್ತರರು ಹೇಳುತ್ತಿದ್ದುದು ಉರ್ದು, ಮನೆಯಲ್ಲಿ ನಾವು ಆಡುತ್ತಿದ್ದುದು ಕನ್ನಡ. ಎರಡರ ನಡುವೆ ನಾನು ತೊಡರಿಕೊಂಡು ನಿಂತಿದ್ದಾಗಲೇ ಅಪ್ಪ ಕೈಹಿಡಿದು ಹತ್ತಿ ಗಿರಣಿಗೆ ಹಚ್ಚಿದ. ಕನ್ನಡ ಅಕ್ಷರಗಳನ್ನು ಆಮೇಲೆ ನಾನಾಗಿಯೇ ಕೂಡಿಸಿಕೊಂಡೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಯಾದಗಿರಿ ಸ್ಟೇಶನ್ನಿನ ಬದಿಯ ಆ ಗಿರಣಿಯಲ್ಲಿ ನಾನು ಹೊತ್ತ ಹತ್ತಿ ಅಂಡಿಗೆಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ನಮ್ಮ ಕೋಟೆ ಗುಡ್ಡದ ಎತ್ತರ ಆಗುತ್ತಿತ್ತು. ಯಾರಾದರೂ ಸುಳ್ಳು ಅಂದರೆ ನನ್ನ ಬೆನ್ನು ನೋಡಲಿ.

ಪೊಲೀಸ್ ಆಕ್ಷನ್ ಆಯಿತು, ನಿಜಾಮರ ರಾಜ್ಯ ಹೋಯಿತು, ಕಚೇರಿಗಳ ಮೇಲೆ ಬೇರೆ ಬಾವುಟ ಏರಿತು. ಆಗಿನ ಹುರುಪಿನಲ್ಲಿ ಗಿರಣಿಯ ಮಾಲಕರು ತಮ್ಮದೊಂದು ಗೋದಾಮನ್ನು ಮಕ್ಕಳ ದವಾಖಾನೆಗೆ ಬಿಟ್ಟುಕೊಟ್ಟರು. ಗೋದಾಮಿನ ಜೊತೆ ನನ್ನನ್ನೂ ಕೊಟ್ಟರು ಎನ್ನಬೇಕು. ಅದರ ಮೂಲೆ ಮೂಲೆ ಬಲ್ಲವನು ನಾನೇ ಆಗಿದ್ದೆ. ತಲೆಯ ಮೇಲಿನ ಸಿಂಬಿ ತೆಗೆದು ಖಾಕಿ ಅಂಗಿ ತೊಟ್ಟು ಗೇಟಿನ ಜವಾನನಾದೆ. ಅಂಡಿಗೆ ಇಳಿಸುತ್ತಿದ್ದ ಜಾಗದಲ್ಲಿ ಕಬ್ಬಿಣದ ಮಂಚಗಳು ಬಂದವು, ಮಂಚದ ಮೇಲೆ ಕೂಸುಗಳು ಬಂದವು. ಶಹಾಪುರ, ಸುರಪುರ ಕಡೆಯಿಂದ ಭೀಮಾ ನದಿ ದಾಟಿ ಬಂಡಿಗಳು ಬರತೊಡಗಿದವು. ಮಕ್ಕಳಿಗೆಂದೇ ಒಂದು ದವಾಖಾನೆ ಅನ್ನುವುದನ್ನು ನಮ್ಮ ಜನ ಅಲ್ಲಿಯವರೆಗೆ ಕೇಳಿರಲಿಲ್ಲ.

ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಮಾತಿನಲ್ಲಿ ಅರ್ಧ ಉರ್ದು, ಮನಸ್ಸಿನಲ್ಲಿ ಪೂರಾ ಒಳ್ಳೆಯವರು. ನರ್ಸಮ್ಮ ಮಂಗಳೂರು ಕಡೆಯವರು. ಅವರ ಕನ್ನಡ ಪುಸ್ತಕ ಓದಿದ ಹಾಗೆ ಇರುತ್ತಿತ್ತು. ನಮ್ಮ ಹೆಂಗಸರು ಅದನ್ನು ಕೇಳಲೆಂದೇ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ರಾತ್ರಿ ಕಾಯಲು ಒಬ್ಬ ಹೆಣ್ಣಾಳು ಇದ್ದಳು. ಹಗಲೆಲ್ಲ ನರ್ಸಮ್ಮ ಒಬ್ಬರೇ. ಮಲಗಿದ ಕೂಸುಗಳನ್ನು ನೋಡಬೇಕು, ಬೆಳಗಿನಿಂದ ಬಾಗಿಲಲ್ಲಿ ಮುಗಿಬೀಳುವ ಹೊಸ ಕೂಸುಗಳನ್ನೂ ನೋಡಬೇಕು. ಸೆರಗು ಹಿಡಿದು ಜಗ್ಗುವ ತಾಯಂದಿರ ನಡುವೆ ಅವರು ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಿದ್ದರು. ಗೋದಾಮು ಅಂದರೆ ಗೊತ್ತಲ್ಲ, ಉದ್ದಕ್ಕೆ ಕೊನೆಯೇ ಇರುವುದಿಲ್ಲ.

ಒಂದು ಮಧ್ಯಾಹ್ನ ಅವರು ಗೇಟಿನ ಕಟ್ಟೆಯ ಮೇಲೆ ಬಂದು ಕೂತರು. ಅಲ್ಲಿಯವರೆಗೆ ಅವರು ಕೂತದ್ದನ್ನು ನಾನು ನೋಡಿರಲಿಲ್ಲ.

"ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ ಮಾರಾಯರೇ. ಹುಕುಂ ಬಂದ ದಿನ ಹೊರಡುವುದೇ."

"ಯಾಕ್ರೀ ನರ್ಸಮ್ಮಾರ? ಯಾರರ ಏನರ ಅಂದ್ರೇನ್ರಿ?"

"ಯಾರೂ ಏನೂ ಹೇಳಲಿಲ್ಲ. ನನ್ನ ಕಾಲುಗಳನ್ನು ಕೇಳಿ, ಅವು ಹೇಳುತ್ತವೆ."

ನಾನು ಸಾಹೇಬರ ಬಳಿ ಹೋದೆ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಅರೆ ಭಾಯ್, ನರ್ಸಮ್ಮ ಹೋದ್ರ ವಾರ್ಡಿಗೆ ಕೀಲಿ. ಬ್ಯಾರೆ ನರ್ಸ್ ಈ ಊರಿಗಿ ಬರಂಗಿಲ್ಲ. ಬಂದವರಿಗೆಲ್ಲಾ ಗುಲ್ಬರ್ಗಾ ರಸ್ತಾ ತೋರಸೋದು ಅಷ್ಟ."

ಗುಲ್ಬರ್ಗಾ ರಸ್ತೆ ತೋರಿಸಲು ನಾನು ಖಾಕಿ ಅಂಗಿ ತೊಟ್ಟಿರಲಿಲ್ಲ. ಜ್ವರದಿಂದ ಮೈ ಬೆಂಕಿಯಾದ ಕೂಸು ಅಲ್ಲಿಯ ತನಕ ಹೇಗೆ ತಡೆದೀತು? ಹುಕುಂ ಬರುವುದರೊಳಗೆ ನರ್ಸಮ್ಮನ ಕಾಲಿಗೆ ಆರಾಮ ಕೊಡಬೇಕು, ಅವರು ಹೋಗುವ ಮನಸ್ಸು ಬಿಡಬೇಕು ಎಂದು ನಾನು ಹಟ ಹಿಡಿದೆ. ನನ್ನ ಹಟ ಗಿರಣಿಯಲ್ಲಿ ಹೆಸರಾದ ಹಟ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲು. ಆ ಗೋದಾಮಿಗೆ ಇದ್ದುದು ಎರಡು ಬಾಗಿಲು. ಗಿರಣಿಯ ಕಾಲದಲ್ಲಿ ಬಂಡಿ ಕಡೆಯ ಬಾಗಿಲಿನಿಂದ ಮಾಲು ಒಳಗೆ, ರೈಲು ಕಡೆಯ ಬಾಗಿಲಿನಿಂದ ಹೊರಗೆ. ಎದುರುಬದುರು ಇಬ್ಬರು ಹಮಾಲರು ಎಂದೂ ಡಿಕ್ಕಿ ಹೊಡೆದವರಲ್ಲ. ರಜಾಕಾರರ ಗಲಾಟೆಯ ದಿನಗಳಲ್ಲಿ ರೈಲು ಕಡೆಯ ಬಾಗಿಲಿಗೆ ಹಲಗೆ ಬಡಿದು ಮುಚ್ಚಿದ್ದರು. ಹಲಗೆ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಗಲಾಟೆ ಹೋಗಿತ್ತು, ಹಲಗೆ ಹೋಗಿರಲಿಲ್ಲ. ಹೀಗಾಗಿ ದವಾಖಾನೆಗೆ ಬರುವವರು, ಹೋಗುವವರು, ಔಷಧ ಹಿಡಿದವರು, ಔಷಧ ಬೇಡುವವರು, ಎಲ್ಲರೂ ಒಂದೇ ಬಾಗಿಲಲ್ಲಿ ಒತ್ತಾಡುತ್ತಿದ್ದರು. ಆ ಒತ್ತಾಟದ ನಡುವೆಯೇ ನರ್ಸಮ್ಮ ಕೂಸನ್ನು ಎತ್ತಿಕೊಂಡು ದಾರಿ ಮಾಡಿಕೊಳ್ಳಬೇಕು.

"ಆ ಬಾಗ್ಲ ಯಾಕ ಬಂದ್ ಅದ?" ಎಂದು ಸಾಹೇಬರು ಕೇಳಿದರು.

"ಗಲಾಟಿ ದಿನದಾಗ ಮುಚ್ಚಿದ್ದುರಿ."

"ಈಗ ಗಲಾಟಿ ಎಲ್ಲಿ ಅದ?"

"ಇಲ್ರಿ ಸಾಹೇಬ್ರ. ಆದ್ರ ಮೊಳಿಗಿ ಯಾರೂ ಹೇಳಿಲ್ರಿ."

ಸಾಹೇಬರು ನಕ್ಕರು. ನಕ್ಕರೆಂದರೆ ಹುಕುಂ ಆದಂತೆ. ಸುತ್ತಿಗೆ ತಂದು ಮೊಳೆಗಳನ್ನೆಲ್ಲ ಕಿತ್ತೆ. ಬಾಗಿಲು ತೆರೆದಾಗ ರೈಲು ಹಳಿಯ ಮೇಲಿನ ಗಾಳಿ ಒಮ್ಮೆಗೇ ಒಳಗೆ ನುಗ್ಗಿತು. ಮಂಚದ ಮೇಲಿನ ಕೂಸುಗಳು ತಿರುಗಿ ನೋಡಿದವು. ಅಂದಿನಿಂದ ಬರುವವರು ಬಂಡಿ ಕಡೆ, ಹೋಗುವವರು ರೈಲು ಕಡೆ.

ಆಮೇಲೆ ಸಾಮಾನುಗಳು. ಹಮಾಲರಲ್ಲಿ ಒಂದು ಮಾತಿದೆ: ಒಮ್ಮೆ ಇಳಿಸಿದ್ದನ್ನು ಮತ್ತೆ ಎತ್ತಬಾರದು. ಒಂದೇ ಅಂಡಿಗೆಯನ್ನು ಎರಡು ಸಲ ಎತ್ತಿದವನನ್ನು ಉಳಿದವರು ಸಂಜೆಯವರೆಗೆ ಹಾಸ್ಯ ಮಾಡುತ್ತಾರೆ. ಎಲ್ಲಿ ಬೇಕೋ ಅಲ್ಲೇ ಮೊದಲು ಇಳಿಸು ಅನ್ನುವುದು ಅದರ ಅರ್ಥ. ನಮ್ಮ ದವಾಖಾನೆಯಲ್ಲಿ ಔಷಧದ ಅಲಮಾರು ಒಂದು ತುದಿಗೆ, ನೀರಿನ ಹರವಿ ಹೊರಗೆ, ಕೂಸು ತೂಗುವ ತಕ್ಕಡಿ ಇನ್ನೊಂದು ತುದಿಗೆ ಇದ್ದವು. ನಾನು ಅಲಮಾರನ್ನು ಬೆನ್ನ ಮೇಲೆ ಹೊತ್ತು ನಡುವಿಗೆ ತಂದೆ.

"ಅಲ್ಲಿ ಬೇಡ," ಎಂದರು ನರ್ಸಮ್ಮ. "ಕಿಟಕಿಯ ಬಿಸಿಲು ಬೀಳುತ್ತದೆ, ಔಷಧ ಹಾಳು. ಆ ಕಂಬದ ನೆರಳಿಗೆ ಇಡಿ."

"ಎರಡ ಸಲ ಎತ್ತಸ್ತೀರಲ್ರಿ ನರ್ಸಮ್ಮಾರ, ಹಮಾಲ್ರು ನಗ್ತಾರ."

"ನಗಲಿ. ನಿಮ್ಮ ಹಮಾಲರಿಗೆ ಜ್ವರದ ಔಷಧ ಗೊತ್ತುಂಟಾ?"

ಎತ್ತಿ ಕಂಬದ ನೆರಳಿಗೆ ಇಟ್ಟೆ. ಹರವಿ ಒಳಗೆ ಬಂತು, ತಕ್ಕಡಿ ಬಾಗಿಲ ಬಳಿ ಬಂತು. ಎಲ್ಲಿ ಏನು ಇರಬೇಕೆಂದು ಅವರು ಹೇಳಿದರು, ಎತ್ತಿಟ್ಟವನು ನಾನು. ಅವರ ನಡಿಗೆ ಅರ್ಧ ಕಡಿಮೆ ಆಯಿತು ಎಂದು ನನಗೆ ಅನ್ನಿಸಿತು. ಆದರೂ ಅರ್ಜಿಯ ಮಾತು ಅವರ ಬಾಯಿಂದ ಹೋಗಲಿಲ್ಲ. ಯಾಕೆಂದರೆ ಗೇಟಿನ ಹೊರಗಿನ ಗದ್ದಲ ಹಾಗೇ ಇತ್ತು, ಮತ್ತು ಗೇಟು ನನ್ನದು.

ಗಟ್ಟಿ ಬಾಯಿ ಇದ್ದವಳು ಮೊದಲು ಒಳಗೆ ಹೋಗುತ್ತಿದ್ದಳು. ನಾನು ಸ್ಟೇಶನ್ನಿನಲ್ಲಿ ಮಿಲಿಟರಿಯವರು ಸಾಲಾಗಿ ನಿಂತದ್ದನ್ನು ನೋಡಿದವನು. ಅದೇ ರೀತಿ ತಾಯಂದಿರನ್ನು ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿದೆ. ಸಾಲು ಸೊಟ್ಟಗಾದರೆ ಗದರಿದೆ. ನೋಡಲು ಬಹಳ ಚಂದ ಕಾಣುತ್ತಿತ್ತು. ನರ್ಸಮ್ಮ ಹೊರಗೆ ಬಂದು ಸೂರ್ಯನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

"ಜ್ವರ ಇಲ್ಲದ ಮಗುವಿಗೂ ನೀವು ಜ್ವರ ಬರಿಸಿ ಒಳಗೆ ಕಳಿಸುತ್ತಿದ್ದೀರಿ. ಯಾರಿಗೆ ಎಂತ ಕಾಯಿಲೆ ಅಂತ ನನಗೆ ತಿಳಿಯುವುದು ಹೇಗೆ?"

ಅದಕ್ಕೆ ಉತ್ತರವನ್ನು ಕೆಲವು ದಿನಗಳ ನಂತರ ತಾಯಂದಿರೇ ತಂದಿಟ್ಟರು.

ಆ ದಿನ ಬೆಳಿಗ್ಗೆ ಗೇಟಿಗೆ ಬಂದರೆ ಸಾಲು ಇತ್ತು, ಸಾಲಿನಲ್ಲಿ ಜನ ಇರಲಿಲ್ಲ. ರೊಟ್ಟಿ ಬುತ್ತಿಯ ಗಂಟು, ಅದರ ಹಿಂದೆ ಹಿತ್ತಾಳೆ ತಂಬಿಗೆ, ಅದರ ಹಿಂದೆ ಬಿದಿರು ಬುಟ್ಟಿ, ಮಡಿಸಿದ ಕರಿ ಕಂಬಳಿ, ಮತ್ತೆ ಗಂಟು, ಮತ್ತೆ ಗಂಟು. ತರಲು ಏನೂ ಇಲ್ಲದವಳು ಒಂದು ಕಲ್ಲು ಇಟ್ಟಿದ್ದಳು. ತಾಯಂದಿರೆಲ್ಲ ಬೇವಿನ ಮರದ ನೆರಳಿನಲ್ಲಿ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹರಟುತ್ತ ಕೂತಿದ್ದರು.

"ಯಾರದಿದು ಸಂತಿ? ಎತ್ರಿ ಎಲ್ಲಾ," ಎಂದು ನಾನು ಕಂಬಳಿಗೆ ಕಾಲು ತಾಗಿಸಿದೆ.

ಮರದ ಕೆಳಗಿನಿಂದ ಒಬ್ಬ ಮುದುಕಿಯ ದನಿ ಬಂತು. ಬಳಿಚಕ್ರದ ಕಡೆಯವಳು, ಕುರಿ ಸಾಕುವ ಮನೆತನದವಳು, ಮೊಮ್ಮಗನನ್ನು ಕೆಮ್ಮಿಗೆ ತೋರಿಸಲು ಬಂದವಳು.

"ಏ ಖಾಕಿ ತಮ್ಮಾ, ಕಾಲು ಹಿಂದಕ ತಗಿ. ಅದು ಕಂಬಳಿ ಅಲ್ಲ, ನನ್ನ ಪಾಳಿ."

"ಪಾಳಿಗಿ ನೀ ನಿಲ್ಲಬೇಕು ಆಯಿ, ಕಂಬಳಿ ಅಲ್ಲ."

"ಬಾವಿಗಿ ನೀರಿಗಿ ಹೋದ್ರ ಕೊಡ ಪಾಳಿ ಹಿಡೀತಾವೋ, ನಿನ್ನ ಹೆಂಡ್ತಿ ಬಿಸಲಾಗ ನಿಲ್ತಾಳೋ?"

ಮರದ ಕೆಳಗೆ ನಗೆ ಎದ್ದಿತು. "ಅವನ ಹೆಂಡ್ತಿ ಇವನ್ನ ಕಳಸ್ತಾಳಬೇ ನೀರಿಗಿ," ಎಂದಳು ಇನ್ನೊಬ್ಬಳು. ನಾನು ಬಾಯಿ ತೆರೆಯುವುದರೊಳಗೆ ನರ್ಸಮ್ಮ ಮೆಟ್ಟಿಲ ಮೇಲಿನಿಂದ ಕೈ ಎತ್ತಿದರು.

"ಇರಲಿ ಬಿಡಿ. ಗಂಟುಗಳು ಅಲ್ಲೇ ಇರಲಿ." ಅವರ ಕಣ್ಣು ಸಾಲಿನ ಮೇಲೆ ಇರಲಿಲ್ಲ, ನೆರಳಿನಲ್ಲಿ ಕೂತ ಕೂಸುಗಳ ಮೇಲಿತ್ತು. ಎಲ್ಲ ಕೂಸುಗಳೂ ಒಂದೇ ಕಡೆ, ಒಂದೇ ನೋಟಕ್ಕೆ ಕಾಣುತ್ತಿದ್ದವು.

ಅಂದಿನಿಂದ ಸಾಲು ಗಂಟುಗಳದ್ದು, ನೆರಳು ಕೂಸುಗಳದ್ದು. ಹೆಸರು ಕೇಳಿ ಕರೆಯುವ ಗೋಜು ನನಗೆ ತಪ್ಪಿತು. ಬಾಗಿಲಲ್ಲಿ ನಿಂತು ಗಿರಣಿಯಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗುತ್ತಿದ್ದೆ: "ಹಿತ್ತಾಳಿ ತಂಬಿಗಿ ಬರ್ರಿ. ಕೆಂಪು ಗಂಟು ತಯಾರಿರ್ರಿ." ತಂಬಿಗೆಯವಳು ಕೂಸನ್ನೆತ್ತಿಕೊಂಡು ಬರುತ್ತಿದ್ದಳು. ತಕ್ಕಡಿಯಲ್ಲಿ ತೂಕ, ಸಾಹೇಬರ ಮೇಜು, ಕಂಬದ ಬಳಿ ಔಷಧ, ರೈಲು ಕಡೆಯ ಬಾಗಿಲಿನಿಂದ ಹೊರಗೆ. ಹತ್ತಿಯೂ ಅಷ್ಟು ಸಲೀಸಾಗಿ ಆ ಗೋದಾಮನ್ನು ದಾಟಿದ್ದಿಲ್ಲ.

ನಡುವೆ ಬಿಡುವು ಸಿಕ್ಕಾಗ ನರ್ಸಮ್ಮ ಬೇವಿನ ನೆರಳಿಗೆ ಹೋಗಿ ಕೂಸುಗಳ ಮುಖ ನೋಡಿಕೊಂಡು ಬರುತ್ತಿದ್ದರು. "ಅಳುವ ಮಗು ಕಾಯಬಲ್ಲದು. ಅಳದೇ ಇರುವ ಮಗುವಿಗೆ ಕಾಯಲು ಶಕ್ತಿ ಇಲ್ಲ. ಅದು ಮೊದಲು ಒಳಗೆ ಬರಬೇಕು," ಎಂದು ನನಗೆ ಹೇಳಿಕೊಟ್ಟರು. ಅಂಥ ಕೂಸು ಕಂಡಾಗ ಅದರ ಗಂಟನ್ನು ನಾನು ಸಾಲಿನ ಮುಂದಕ್ಕೆ ತಂದಿಡುತ್ತಿದ್ದೆ. ಅಲ್ಲಿಂದ ಜಗಳ ಶುರು. "ಆ ಗಂಟು ಹೆಂಗ ಮುಂದ ಹೋತು? ಚಪ್ರಾಸಿ ಬೀಗನೇನು ಆಕಿಗಿ?" ಜಗಳ ಬಿಡಿಸಲು ಮತ್ತೆ ನರ್ಸಮ್ಮನೇ ಬರಬೇಕು. ಕಡಿಮೆ ಮಾಡಿದ ನಡಿಗೆಯೆಲ್ಲ ತಿರುಗಿ ಅವರ ಕಾಲಿಗೇ ಬಂತು.

"ನಾನೇ ಮುಂದೆ ಕಳಿಸಿದ್ದು ಅಂತ ಎಲ್ಲರಿಗೂ ಕಾಣುವ ಹಾಗೆ ಒಂದು ಗುರುತು ಬೇಕು," ಎಂದರು ಅವರು. ಹಾಗೆ ಹೇಳುತ್ತಲೇ ಅವರ ಕಣ್ಣು ಮರದ ಕೆಳಗೆ ನಿಂತುಬಿಟ್ಟಿತು. ಅದೇ ಬಳಿಚಕ್ರದ ಮುದುಕಿ, ಎರಡನೇ ಸಲ ಬಂದಿದ್ದಳು. ಮೊಮ್ಮಗ ಅವಳ ತೊಡೆಯ ಮೇಲೆ ಹಸಿ ಹಿಟ್ಟಿನ ಹಾಗೆ ಬಿದ್ದಿದ್ದ. ಕಣ್ಣು ಅರ್ಧ ತೆರೆದಿತ್ತು, ಬಾಯಿ ಒಣಗಿತ್ತು. ಅಳು ಇರಲಿಲ್ಲ. ಅವಳ ಕಂಬಳಿ ಸಾಲಿನ ಬಾಲದಲ್ಲಿತ್ತು.

ನಾನು ಬೇವಿನ ಕೊಂಬೆ ಬಗ್ಗಿಸಿ ಕೊಟ್ಟೆ. ನರ್ಸಮ್ಮ ಒಂದು ಎಸಳು ಮುರಿದು ಕಂಬಳಿಯ ಮಡಿಕೆಗೆ ಸಿಗಿಸಿದರು. ನಾನು ಕಂಬಳಿ ಎತ್ತಿ ಎಲ್ಲರಿಗಿಂತ ಮುಂದೆ ಇಟ್ಟೆ.

ಆಮೇಲೆ ತಂಬಿಗೆಯವಳು ಬಂದು ತಂಬಿಗೆ ಎತ್ತಿಕೊಂಡಳು. ಬುಟ್ಟಿಯವಳು ಬುಟ್ಟಿ ಎತ್ತಿಕೊಂಡಳು. ಗಂಟುಗಳು ಒಂದೊಂದೇ ಎದ್ದು ಗೇಟಿನ ಕಡೆ ನಡೆದವು.

"ಯಾಕ್ರೇ, ಎಲ್ಲಿಗಿ ಹೊಂಟ್ರಿ?"

"ಅವ್ವ ಬಂದಾಳಲ್ಲಪ್ಪ. ಬೇವು ಇಟ್ಟೀರಿ. ನಮ್ಮ ಕೂಸುಗೋಳ ಗತಿ ಏನು?"

ಆಗ ನನ್ನ ತಲೆಗೆ ಹೊಳೆಯಿತು. ಸಿಡುಬು, ದಡಾರ ಬಂದ ಮನೆಯ ಬಾಗಿಲಿಗೆ ಬೇವು ಸಿಗಿಸುವುದು ನಮ್ಮಲ್ಲಿ ರೂಢಿ. ಅವ್ವ, ಅಂದರೆ ದೇವಿ, ಆ ಮನೆಗೆ ಬಂದಿದ್ದಾಳೆ, ಯಾರೂ ಹೊಸ್ತಿಲು ದಾಟಬೇಡಿ ಎಂದು ಅದರ ಅರ್ಥ. ಕಡಲ ಕಡೆಯ ನರ್ಸಮ್ಮನಿಗೆ ಅದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ನಾನು ಕೊಂಬೆ ಬಗ್ಗಿಸಿ ಕೊಟ್ಟಿದ್ದೆ.

ಮುದುಕಿ ಕೂಸನ್ನು ಹೆಗಲಿಗೆ ಹಾಕಿ ಎದ್ದಿದ್ದಳು. "ಔಷಧಕ್ಕ ಬಂದ್ರ ನನ್ನ ಕೂಸಿಗಿ ಅವ್ವನ್ನ ಹಚ್ಚಿ ಕಳಸ್ತೀರೇನು? ಬ್ಯಾಡ ನಿಮ್ಮ ದವಾಖಾನಿ."

ನರ್ಸಮ್ಮ ಬಿಳಿಚಿಕೊಂಡು ನಿಂತಿದ್ದರು. ಆ ಕೂಸು ಗೇಟು ದಾಟಿದರೆ ಊರು ಮುಟ್ಟುವುದಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ನಾನು ಗೇಟಿಗೆ ಅಡ್ಡ ನಿಂತೆ.

"ಆಯಿ, ತಪ್ಪು ತಿಳೀಬ್ಯಾಡ. ನಿನ್ನ ಪಾಳಿ ಮುಂದ ಮಾಡ್ಯಾರ. ನಿನ್ನ ಮೊಮ್ಮಗ ಎಲ್ಲಾರಿಗಿಂತ ಮೊದಲ ಒಳಗ ಹೋಗ್ಬೇಕು, ಅದಕ್ಕ ಗುರ್ತು. ಅವ್ರಿಗಿ ನಮ್ಮ ರೂಢಿ ತಿಳೀದು."

"ಅವರಿಗಿ ತಿಳೀದು. ನಿನಗ? ನೀ ಯಾವ ವಿಲಾಯತಿಯಂವ?" ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಾಣಂತಿ ಮನಿ ಕೊಡ ಬಾವಿಗಿ ಬಂದ್ರ ಅದರ ಕೊರಳಿಗಿ ಏನ ಹಚ್ಚಿರ್ತಾರ? ಬೇವು ಕಟ್ತಾರೇನು?"

"ಅರಿಷಿಣ."

"ಅರಿಷಿಣ ಹಚ್ಚಿದ ಕೊಡಕ್ಕ ಯಾರರ ಪಾಳಿ ಕೇಳ್ತಾರೇನು?"

"ಇಲ್ಲ ಆಯಿ."

"ಮತ್ತ?"

ಅವಳು ಎಲೆಯಡಿಕೆಯ ಚೀಲ ಬಿಚ್ಚಿ ಅದರೊಳಗಿನ ಸಣ್ಣ ಸಂಚಿ ತೆಗೆದಳು. ಮೈಲಾರಲಿಂಗನ ಗುಡಿಯಿಂದ ತಂದ ಭಂಡಾರ, ಅರಿಷಿಣದ ಪುಡಿ. ಬೇವಿನ ಎಸಳನ್ನು ಕಿತ್ತೊಗೆದು ಕಂಬಳಿಯ ಮೇಲೆ ಒಂದು ಚಿಟಿಕೆ ಭಂಡಾರ ಒತ್ತಿದಳು. ಗೇಟಿನ ತನಕ ಹೋಗಿದ್ದ ಹೆಂಗಸರು ನಿಂತು ನೋಡಿದರು. ತಂಬಿಗೆಯವಳು ಮೊದಲು ತಿರುಗಿದಳು. "ಅಷ್ಟ ಹೌದಾ," ಎಂದು ತಂಬಿಗೆಯನ್ನು ಕಂಬಳಿಯ ಹಿಂದೆ ಇಟ್ಟಳು.

ಆ ಕೂಸಿಗೆ ಮಂಚ ಸಿಕ್ಕಿತು. ನರ್ಸಮ್ಮ ಅದರ ಪಕ್ಕ ಚಮಚೆಯಿಂದ ನೀರು ಹಾಕುತ್ತ ಕೂತರು. ಹೊರಗೆ ಜಗಳ ಇರಲಿಲ್ಲವಾದ್ದರಿಂದ ಅವರಿಗೆ ಕೂರಲು ಆಯಿತು. ಮರುದಿನ ಅದು ಅತ್ತಿತು. ಇಡೀ ಗೋದಾಮು ಕೇಳುವಂತೆ ಅತ್ತಿತು. ಅಳುವನ್ನು ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ಮತ್ತೆ ನೆನಪಿಲ್ಲ.

ಅಂದಿನಿಂದ ಮೆಟ್ಟಿಲ ಮೇಲೆ ಒಂದು ಬಟ್ಟಲು ಅರಿಷಿಣ. ಸಾಹೇಬರು "ಹಲ್ದಿ ಭೀ ದವಾ ಹೈ" (ಅರಿಷಿಣವೂ ಔಷಧವೇ) ಎಂದು ತಮ್ಮ ಮನೆಯಿಂದಲೇ ಮೊದಲ ಬಟ್ಟಲು ತರಿಸಿದರು. ಮುಸಲ್ಮಾನರ ಮನೆಯಲ್ಲೂ ಹಲ್ದಿ ಮದುವೆಯ ಬಣ್ಣ; ಯಾವ ತಾಯಿಯೂ ಬೇಡ ಅನ್ನಲಿಲ್ಲ. ನರ್ಸಮ್ಮ ನೆರಳಿಗೆ ಹೋಗಿ ಬರುವರು, ಬೆರಳು ತೋರಿಸುವರು, ನಾನು ಗಂಟಿಗೆ ಹಚ್ಚಿ ಮುಂದೆ ಇಡುವೆನು. ಯಾರೂ ತಕರಾರು ಮಾಡಲಿಲ್ಲ. ಅವರು ಮಧ್ಯಾಹ್ನದ ಊಟ ಕೂತು ಮಾಡತೊಡಗಿದರು. ಕಟ್ಟೆಯ ಮೇಲೆ ಕೂತು ನನಗೂ ಒಂದು ಮೀನಿನ ಕತೆ ಹೇಳುತ್ತಿದ್ದರು, ಕಡಲು ನೋಡದ ನಾನು ಹೂಂಗುಟ್ಟುತ್ತಿದ್ದೆ.

ಹುಕುಂ ಆಗ ಬಂತು.

ಹೈದರಾಬಾದಿನ ದೊಡ್ಡ ದವಾಖಾನೆ. ಅಲ್ಲಿ ನರ್ಸುಗಳೇ ಒಂದು ದಂಡು. ಸಾಹೇಬರು ಮೆಲ್ಲಗೆ ಹೇಳಿದರು: "ನಿಮ್ಮ ಅರ್ಜಿ ಮ್ಯಾಲೆ ಬಂದದ. ಅರ್ಜಿ ವಾಪಸ್ ತಗೊಂಡ್ರ ನಾ ಮ್ಯಾಲೆ ಬರೀತೀನಿ." ನರ್ಸಮ್ಮ ಹುಕುಂ ಮಡಿಸಿಟ್ಟರು. ಮನೆಗೆ ಕಾಗದ ಹಾಕಿ ಆಗಿದೆ, ಹೇಳಿದ ಮೇಲೆ ಹೋಗದಿದ್ದರೆ ಹೇಗೆ ಎಂದರು. ಹೋಗುವ ದಿನ ಬೆಳಿಗ್ಗೆ ಅವರ ಹಸಿರು ತಗಡಿನ ಪೆಟ್ಟಿಗೆಯನ್ನು ಕೋಣೆಯಿಂದ ನಾನೇ ಹೊತ್ತು ತಂದು ಮೆಟ್ಟಿಲ ಕೆಳಗೆ ಇಳಿಸಿದೆ. ಹೈದರಾಬಾದಿಗೆ ಹೋಗಲು ಹಿಡಿಯಬೇಕಾದ ವಾಡಿ ಕಡೆಯ ರೈಲು ಗಾಡಿ ಬರಲು ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಮಂಚದ ಕೂಸುಗಳನ್ನು ಒಮ್ಮೆ ನೋಡಿ ಬರುತ್ತೇನೆ ಎಂದು ಅವರು ಒಳಗೆ ಹೋದರು. ನನಗೆ ಯಾರ ಮುಖವೂ ಬೇಡವಾಗಿತ್ತು. ರೈಲು ಕಡೆಯ ಬಾಗಿಲಿಗೆ ಹೋಗಿ ಸುಮ್ಮನೆ ನಿಂತೆ.

ತಿರುಗಿ ಬಂದಾಗ ಪೆಟ್ಟಿಗೆಯ ಹಿಂದೆ ಒಂದು ಗಂಟು ಇತ್ತು. ಅದರ ಹಿಂದೆ ಬುಟ್ಟಿ. ಅದರ ಹಿಂದೆ ತಂಬಿಗೆ, ಚೀಲ, ಕೊಡೆ, ಕಲ್ಲು. ಯಾವುದೋ ಬಂಡಿಯಲ್ಲಿ ಬಂದವರು ಪೆಟ್ಟಿಗೆಯನ್ನು ಮೊದಲ ಪಾಳಿ ಎಂದು ತಿಳಿದು ಅಲ್ಲಿಂದಲೇ ಸಾಲು ಹಚ್ಚಿದ್ದರು. ಮರದ ಕೆಳಗೆ ಬಳಿಚಕ್ರದ ಆಯಿಯೂ ಇದ್ದಳು, ಗುಂಡಗಾದ ಮೊಮ್ಮಗನನ್ನು ತೂಕ ಹಾಕಿಸಲು ತಂದಿದ್ದಳು. ಯಾರ ಪೆಟ್ಟಿಗೆ ಎಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಅಗಲದ ಭಂಡಾರ ಇತ್ತು.

ಅಷ್ಟು ಹೊತ್ತಿಗೆ ಸಾಹೇಬರ ಗಂಟೆ ಬಡಿಯಿತು. ಕೆಲಸ ಕೆಲಸವೇ. ನಾನು ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ: "ಹಸರ ಪೆಟಗಿ ಬರ್ರಿ."

ನರ್ಸಮ್ಮ ಹೊರಗೆ ಬಂದರು. ಪೆಟ್ಟಿಗೆ ನೋಡಿದರು, ಅದರ ಹಿಂದಿನ ಸಾಲು ನೋಡಿದರು. "ಇದೆಂತದು ಮಾರಾಯರೇ? ಅದು ನನ್ನದು."

"ನಿಂದಂದ್ರ ಒಳಗ ನಡಿಯವ್ವಾ," ಎಂದಳು ಆಯಿ ಕೂತಲ್ಲಿಂದಲೇ. "ಅರಿಷಿಣ ಹಚ್ಚೇದ. ನೀ ಒಳಗ ಹೋಗೂತನ ಹಿಂದಿನವರ ಪಾಳಿ ಬರಂಗಿಲ್ಲ."

ಮರದ ಕೆಳಗಿನವರು ನಗುತ್ತಿದ್ದರು. ನರ್ಸಮ್ಮ ನಗಲಿಲ್ಲ. ಅವರ ಕಣ್ಣು ರೂಢಿಯಂತೆ ನೆರಳಿನಲ್ಲಿ ಓಡಾಡಿ, ಒಂದು ಎಳೆಗೂಸಿನ ಮೇಲೆ ನಿಂತಿತು. ಅದು ಅಳುತ್ತಿರಲಿಲ್ಲ. "ಆ ಕೊಡೆ ಯಾರದು? ಅದನ್ನು ಮುಂದೆ ತನ್ನಿ," ಎಂದು ನನಗೆ ಹೇಳಿ, ಸೆರಗು ಸಿಗಿಸಿಕೊಂಡು ಕೂಸನ್ನು ಎತ್ತಿಕೊಂಡು ಒಳಗೆ ನಡೆದರು.

ಗಾಡಿ ಬಂತು, ಸೀಟಿ ಹೊಡೆಯಿತು, ಹೋಯಿತು. ತೆರೆದ ರೈಲು ಕಡೆಯ ಬಾಗಿಲಿನಲ್ಲಿ ಅದರ ಹೊಗೆ ಕಾಣಿಸುತ್ತಿತ್ತು. ನರ್ಸಮ್ಮ ತಕ್ಕಡಿಯ ಮುಂದೆ ಬಗ್ಗಿದ್ದರು, ತಲೆ ಎತ್ತಲಿಲ್ಲ. ಕೊನೆಯ ಕಲ್ಲಿನವಳು ಔಷಧ ತೆಗೆದುಕೊಂಡು ಹೋದ ಮೇಲೆ ಕೈ ತೊಳೆಯುತ್ತ ಅವರು ಸಾಹೇಬರಿಗೆ, "ಬರೆದುಬಿಡಿ ಡಾಕ್ಟರೇ," ಎಂದರು. ಸಾಹೇಬರು ಕನ್ನಡಕ ಏರಿಸಿ ಅರ್ಜಿ ವಾಪಸಿನ ಕಾಗದ ಬರೆಯಲು ಕೂತರು.

ಸಾಲಿನಲ್ಲಿ ಪೆಟ್ಟಿಗೆ ಒಂದೇ ಉಳಿದಿತ್ತು. ಹೊತ್ತು ತಂದು ಇಳಿಸಿದ್ದನ್ನು ಮತ್ತೆ ಎತ್ತಿ ಅದೇ ಕೋಣೆಗೆ ಒಯ್ದೆ. ಗಿರಣಿಯ ಹಮಾಲರು ಬೇಲಿಯ ಆಚೆ ಬೀಡಿ ಸೇದುತ್ತ ಕೂತಿದ್ದರು. "ಏನಪಾ, ಒಂದ ಮಾಲು ಎರಡ ಸಲ ಎತ್ತಾಕತ್ತಿ?" ಎಂದ ಒಬ್ಬ.

"ಹೌದಪಾ, ಎತ್ತೀನಿ," ಎಂದೆ. ಹೆಗಲ ಮೇಲಿನ ಖಾಕಿಗೆ ಹಳದಿ ಹತ್ತಿತ್ತು. ಅದನ್ನು ಅಂದು ಒಗೆಯಲು ಹಾಕಲಿಲ್ಲ.